ಬಟ್ಟೆಯಲ್ಲಿ ಬರುವ ಸೀಸ: ಕಂಪನಿಗೆ ಏನು ಕೇಳೋಣ?

ಮೂಲೆ ಮನೆ: ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆಯ ವಿಷಯ. ನಮ್ಮಲ್ಲಿ ಏಳೆಂಟು ಜನ ಅಲ್ಲಿ ದುಡಿಯುತ್ತಾರೆ. ಪಕ್ಕದ ಮನೆ ಮಗುವಿನ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 11 ಮೈಕ್ರೋಗ್ರಾಂ ಬಂದಿದೆ. (ಅವರಮ್ಮ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ.) 5 ಮುಟ್ಟಿದರೇ ಸೀಸ ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಮಗು ಕಾರ್ಖಾನೆಯ ಗೇಟೂ ನೋಡಿಲ್ಲ. ಅಪ್ಪ ಕೆಲಸದಿಂದ ಬಂದ ಕೂಡಲೇ ಎತ್ತಿಕೊಳ್ಳುತ್ತಾರೆ, ಅದೇ ಅಂಗಿಯಲ್ಲಿ.

ನೀಲಿ ಗೇಟು: ಕಂಪನಿ ಮಾಸ್ಕ್ ಕೊಟ್ಟಿದೆಯಲ್ವಾ?

ಹಿಂದಿನ ಮನೆ: ನಾನು ಅಲ್ಲೇ ಇರೋದು. ಕೊಟ್ಟಿದ್ದಾರೆ, ಬಟ್ಟೆ ಮಾಸ್ಕ್. ಕುಲುಮೆ ಹತ್ತಿರ ಹತ್ತು ನಿಮಿಷ ಹಾಕಿದರೆ ಉಸಿರು ಕಟ್ಟುತ್ತದೆ. ಅಷ್ಟು ಜನಕ್ಕೆ ಎರಡೇ ನಲ್ಲಿ. ಬಟ್ಟೆ ಮನೆಯಲ್ಲೇ ಒಗೆಯಬೇಕು. ರಕ್ತ ತೆಗೆಯುತ್ತಾರೆ, ರಿಪೋರ್ಟ್ ಕೊಡುವುದಿಲ್ಲ. ನಾರ್ಮಲ್ ಅಂದುಬಿಡುತ್ತಾರೆ. ಸೀಸ ಮೈಸೇರಿದರೆ ಬರುವ ಹೊಟ್ಟೆನೋವು, ಮಲಬದ್ಧತೆ ನನಗೂ ಇದೆ. ಗ್ಯಾಸ್ ಅಂದುಕೊಂಡಿದ್ದೆ.

ಮಹಡಿ ಮನೆ: ಕಾರ್ಖಾನೆ ಸುರಕ್ಷತೆಯಲ್ಲೇ ತಲೆ ಬೆಳ್ಳಗಾದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ. ಮಾಸ್ಕ್ ಕೊನೆಯ ಉಪಾಯ. ಮೊದಲು ಹೊಗೆ, ಧೂಳು ಏಳುವ ಜಾಗವನ್ನು ಮುಚ್ಚಿ, ಅಲ್ಲೇ ಹೀರಿಕೊಂಡು ಸೋಸುವ ವ್ಯವಸ್ಥೆ ಮಾಡಬೇಕು. ಅದಕ್ಕೆ ದುಡ್ಡು ಜಾಸ್ತಿ. ಅದಕ್ಕೇ ಮಾಸ್ಕ್ ಹಂಚುತ್ತಾರೆ! ಅಮೆರಿಕದಲ್ಲಿ 1978ರ ನಿಯಮವೇ ಇದೆ. ಗಾಳಿಯಲ್ಲಿ ಸೀಸ ಎಂಟು ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ ದಾಟಿದ ಕಡೆ ಸ್ನಾನ, ಬಟ್ಟೆ ಬದಲಿಸುವ ಕೋಣೆ, ಒಗೆತ ಎಲ್ಲವೂ ಮಾಲೀಕರ ತಲೆಮೇಲೆ. ರಕ್ತದಲ್ಲಿ ಸೀಸ ಮಿತಿಮೀರಿದವರನ್ನು ಬೇರೆ ಕೆಲಸಕ್ಕೆ ಹಾಕಬೇಕು. 18 ತಿಂಗಳವರೆಗೆ ಸಂಬಳ ಕಡಿಯುವಂತಿಲ್ಲ. ನಾವೂ ಇದನ್ನೇ ಕೇಳೋಣ.

ನೀಲಿ ಗೇಟು: ಸುಮ್ನೆ ಯಾಕೆ ಎಳೆಯೋದು? ದೂರು ಕೊಟ್ಟು ಮುಚ್ಚಿಸಿದರೆ ಮುಗೀತು.

ಹಿಂದಿನ ಮನೆ: ಮುಗಿಯೋದು ನಮ್ಮ ಕೆಲಸ.

ಮಹಡಿ ಮನೆ: ಮುಚ್ಚಿದರೆ ಕಂಪನಿ ಕೈತೊಳೆದುಕೊಳ್ಳುತ್ತದೆ. ರಕ್ತದ ಸೀಸ ಒಂದು ತಿಂಗಳ ಆಸುಪಾಸಿನಲ್ಲಿ ಅರ್ಧ ಇಳಿಯುತ್ತದೆ. ಮೂಳೆಗೆ ಇಳಿದದ್ದು ದಶಕಗಟ್ಟಲೆ ಕೂರುತ್ತದೆ. ಆಮೇಲೆ ಯಾರಾದರೂ ಕಾಯಿಲೆ ಬಿದ್ದರೆ ನಮ್ಮಿಂದಲ್ಲ ಅನ್ನುತ್ತಾರೆ. ರಿಪೋರ್ಟ್ ಈಗಲೇ ಕೈಗೆ ಸಿಗಬೇಕು, ತಾರೀಖಿನ ಸಮೇತ.

ಮೂಲೆ ಮನೆ: ಸರಿ, ಕಂಪನಿಗೆ ಬರೆಯುವ ಪತ್ರದಲ್ಲಿ ಅದೇ ಮೊದಲು ಬರಲಿ. ಗುತ್ತಿಗೆ ಕೆಲಸಗಾರರೂ ಸೇರಿ ಅಂತ ಬಿಡಿಸಿ ಬರೆಯುತ್ತೇನೆ. ಇಲ್ಲದಿದ್ದರೆ ಅವರು ನಮ್ಮವರಲ್ಲ ಅಂತ ಜಾರಿಕೊಳ್ಳುತ್ತಾರೆ. ಅಲ್ಲಿ ಕೆಲಸ ಮಾಡುವವರು ಯಾರೂ ಸಹಿ ಹಾಕಬೇಡಿ, ಉಳಿದವರು ಹಾಕುತ್ತೇವೆ. ಕಂಪನಿ ಸರಿಮಾಡುವವರೆಗೆ ಕೆಲಸದ ಬಟ್ಟೆ ಕೊಡವಬೇಡಿ, ಬೇರೆಯಾಗಿಯೇ ಒಗೆಯಿರಿ. ಒಣ ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಿಂದಿನ ಮನೆ: ಬೂಟು ಇವತ್ತಿಂದ ಹೊರಗೇ ಬಿಟ್ಟಿದ್ದೇನೆ. ಬೈಕ್ ಸೀಟೂ ಒರೆಸಬೇಕಾ?

ಮಹಡಿ ಮನೆ: ಒರೆಸಿ. ಮಗಳನ್ನು ಕೂರಿಸುವುದು ಅದರ ಮೇಲೇ ತಾನೇ?