ಅಂಗಡಿಯ ಹಳೇ ಕಂಪ್ಯೂಟರ್ ಗುಜರಿಗೆ ಹಾಕಬಹುದಾ?

ಪ್ರಶ್ನೆ (ಝೆರಾಕ್ಸ್, ಡಿಟಿಪಿ ಅಂಗಡಿ, ಹಂಪನಕಟ್ಟೆ, ಮಂಗಳೂರು): ಸರ್, ಅಂಗಡಿಯ ಅಟ್ಟದಲ್ಲಿ ಹಳೇ ಸಿಪಿಯು, ಒಂದು ಡಬ್ಬಿ ಮಾನಿಟರ್, ಕೆಟ್ಟ ಪ್ರಿಂಟರ್, ದೊಡ್ಡ ಝೆರಾಕ್ಸ್ ಮೆಶಿನ್ ಎಲ್ಲ ರಾಶಿ ಬಿದ್ದಿವೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಕೊಟ್ಟರೆ ಏನಾದರೂ ತೊಂದರೆ ಇದೆಯಾ? ಇ-ವೇಸ್ಟ್ ಕಾನೂನು ನಮ್ಮಂಥ ಸಣ್ಣವರಿಗೂ ಇದೆಯಾ?

ಉತ್ತರ (ಇ-ವೇಸ್ಟ್ ರೀಸೈಕ್ಲಿಂಗ್ ಕೆಲಸದವರು): ಕಾನೂನಿನ ಮಾತು ಮೊದಲು ಮುಗಿಸಿಬಿಡುತ್ತೇನೆ. 2022ರ ಇ-ವೇಸ್ಟ್ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಷದಲ್ಲಿ ಯಾವಾಗಲಾದರೂ ಕನಿಷ್ಠ 1000 ಉಪಕರಣ ಬಳಸಿದವರನ್ನು ಅದು ಬಲ್ಕ್ ಕನ್ಸ್ಯೂಮರ್ ಅನ್ನುತ್ತದೆ. ಹಳೇ ಸಾಮಾನನ್ನು ನೋಂದಾಯಿತ ರೀಸೈಕ್ಲರ್‌ನಂಥವರಿಗೇ ಕೊಡಬೇಕು ಎಂಬ ನೇರ ಹೊಣೆ ಅವರ ಮೇಲಿದೆ. ನೀವು ಆ ಲೆಕ್ಕಕ್ಕೆ ಬರುವುದಿಲ್ಲ.

ನನಗೆ ಅದಕ್ಕಿಂತ ಜಾಸ್ತಿ ಹೆದರಿಕೆ ನಿಮ್ಮ ಹಾರ್ಡ್ ಡಿಸ್ಕ್‌ನದು. ಡಿಟಿಪಿ ಅಂಗಡಿಯ ಕಂಪ್ಯೂಟರ್ ಅಂದರೆ ಊರವರ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ಎಲ್ಲ ಅದರಲ್ಲೇ ಇರುತ್ತದೆ ಅಲ್ವಾ? ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲ್‌ಗಳ ಪಟ್ಟಿ ಮಾತ್ರ ಹೋಗುತ್ತದೆ, ಫೈಲ್ ಅಲ್ಲೇ ಇರುತ್ತದೆ. ಡಿಸ್ಕ್ ಓಡುತ್ತಿದ್ದರೆ ಪೂರ್ತಿ ಫಾರ್ಮ್ಯಾಟ್ ಮಾಡಿ, ರಾತ್ರಿ ಹಾಕಿ ಹೋದರೆ ಬೆಳಿಗ್ಗೆಗೆ ಮುಗಿದಿರಬಹುದು. ಕೆಟ್ಟಿದ್ದರೆ ಬಿಚ್ಚಿ ತೆಗೆದು ಡ್ರಿಲ್‌ನಲ್ಲಿ ಒಳಗಿನ ತಟ್ಟೆ ದಾಟುವ ಹಾಗೆ ತೂತು ಹೊಡೆಸಿ. ಲ್ಯಾಪ್‌ಟಾಪ್ ಡಿಸ್ಕ್‌ನ ತಟ್ಟೆ ಗಾಜಿನದೂ ಇರುತ್ತದೆ, ಚೂರು ಹಾರೀತು, ಕನ್ನಡಕ ಹಾಕಿಕೊಳ್ಳಿ. ತಟ್ಟೆ ಇಲ್ಲದೆ ಚಿಪ್‌ನಲ್ಲೇ ಫೈಲ್ ಇಡುವ ಎಸ್‌ಎಸ್‌ಡಿಗೆ ಒಂದು ತೂತು ಸಾಲದು, ಚಿಪ್‌ಗಳೇ ಒಡೆಯಬೇಕು.

ಇನ್ನೊಂದು, ಯಾರೂ ನೆನಪು ಮಾಡಿಕೊಳ್ಳದ್ದು. ದೊಡ್ಡ ಡಿಜಿಟಲ್ ಝೆರಾಕ್ಸ್ ಮೆಶಿನ್‌ಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಒಳಗೇ ಹಾರ್ಡ್ ಡಿಸ್ಕ್ ಇರುತ್ತದೆ. ತೆಗೆದ ಕಾಪಿಗಳ ಚಿತ್ರ ಅದರಲ್ಲಿ ಉಳಿದಿರಬಹುದು. ಸರ್ವಿಸ್‌ನವರನ್ನು ಕರೆದು ಅದನ್ನು ತೆಗೆಸಿದ ಮೇಲೆಯೇ ಮೆಶಿನ್ ಅಂಗಡಿಯ ಮೆಟ್ಟಿಲಿಳಿಯಲಿ.

ಗುಜರಿಯವರನ್ನು ನಾನು ದೂರುವುದಿಲ್ಲ. ರಟ್ಟು, ಕಬ್ಬಿಣ, ಬಾಟಲಿ ಅವರಷ್ಟು ಚೆನ್ನಾಗಿ ಯಾರೂ ವಿಂಗಡಿಸುವುದಿಲ್ಲ. ಆದರೆ ಡಬ್ಬಿ ಮಾನಿಟರ್ ಕೈಗೆ ಬಂದರೆ ಬೇಕಾಗುವುದು ಹಿಂದಿನ ತಾಮ್ರದ ಸುರುಳಿ ಮಾತ್ರ. ಅದಕ್ಕಾಗಿ ಟ್ಯೂಬ್ ಒಡೆಯುತ್ತಾರೆ, ಸೀಸ ಬೆರೆತ ಗಾಜು ಎಲ್ಲೋ ಗುಡ್ಡೆಗೆ ಹೋಗುತ್ತದೆ. ವಯರ್ ಸುಟ್ಟರೆ ಬರುವ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ. ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ವೇಸ್ಟ್ ಪೋರ್ಟಲ್‌ನಲ್ಲಿ ಹೆಸರಿರುವ ರೀಸೈಕ್ಲರ್‌ಗೇ ಕೊಡಿ. ಗೊತ್ತಾಗದಿದ್ದರೆ ಬೈಕಂಪಾಡಿಯ ರಾಜ್ಯ ಮಂಡಳಿ ಕಚೇರಿಯಲ್ಲಿ ವಿಚಾರಿಸಿ. ನಾಲ್ಕು ಸಿಪಿಯುಗೆ ಯಾರೂ ಗಾಡಿ ಕಳಿಸುವುದಿಲ್ಲ ಮಾರಾಯ್ರೇ, ಅಕ್ಕಪಕ್ಕದ ಅಂಗಡಿಯವರದ್ದೂ ಸೇರಿಸಿ ಒಂದು ಲೋಡ್ ಮಾಡಿ. ಸೀರಿಯಲ್ ನಂಬರ್ ಬರೆದ ರಶೀದಿ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ (ಮೊಬೈಲ್ ರಿಪೇರಿ, ಉಡುಪಿ): ನಮ್ಮಲ್ಲಿ ಉಬ್ಬಿದ ಮೊಬೈಲ್ ಬ್ಯಾಟರಿ ಒಂದು ಡಬ್ಬದ ತುಂಬ ಇದೆ ಅಣ್ಣ. ಯುಪಿಎಸ್ ಬ್ಯಾಟರಿಯೂ ಇದೆ. ಇವನ್ನೂ ಅದೇ ಲೋಡಿಗೆ ಹಾಕಬಹುದಾ?

ಉತ್ತರ: ಬೇಡ. ಬ್ಯಾಟರಿಗೆ 2022ರದ್ದೇ ಬೇರೆ ನಿಯಮ ಇದೆ. ಯುಪಿಎಸ್‌ನ ಸೀಸದ ಬ್ಯಾಟರಿ ಸುಲಭ, ಹೊಸದು ತೆಗೆದುಕೊಳ್ಳುವಾಗ ಡೀಲರ್‌ಗೆ ಕೊಟ್ಟರೆ ಬಿಲ್‌ನಲ್ಲಿ ಕಡಿಮೆಯೂ ಮಾಡುತ್ತಾರೆ. ಉಬ್ಬಿದವುಗಳ ಡಬ್ಬ ಇವತ್ತೇ ಖಾಲಿ ಮಾಡಿ. ಒಂದೊಂದರ ತುದಿಗೂ ಟೇಪ್ ಸುತ್ತಿ, ಒಣ ಮರಳು ಹಾಕಿದ ಲೋಹದ ಡಬ್ಬದಲ್ಲಿ ಬೇರೆ ಬೇರೆಯಾಗಿ ಇಡಿ. ಚುಚ್ಚುವುದು, ಒತ್ತುವುದು ಬೇಡ, ಬೆಂಕಿ ಹಿಡಿಯುತ್ತದೆ. ಬಿಸಿಲಿಗೂ ಇಡಬೇಡಿ. ಲಿಥಿಯಂ ಬ್ಯಾಟರಿ ತೆಗೆದುಕೊಳ್ಳುವ ನೋಂದಾಯಿತ ರೀಸೈಕ್ಲರ್ ಬೇಕು. ಗಾಡಿ ಬುಕ್ ಮಾಡುವ ಮೊದಲು 'ಉಬ್ಬಿದ್ದು ಇದೆ' ಅಂತ ಹೇಳಿಯೇ ಬಿಡಿ.

ಪ್ರಶ್ನೆ (ಹಂಪನಕಟ್ಟೆಯವರೇ): ಹಳೇ ಮೆಶಿನ್ ಮಾರಿದರೆ ಜಿಎಸ್‌ಟಿ ಕಟ್ಟಬೇಕಾ?

ಉತ್ತರ: ಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ (ಕೊಂಡಾಗ ಕೊಟ್ಟ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆಯುವುದು) ತೆಗೆದುಕೊಂಡಿದ್ದರೆ, ಮಾರುವಾಗ ಅದರಲ್ಲಿ ಸ್ವಲ್ಪ ವಾಪಸ್ ಕಟ್ಟಬೇಕಾಗಬಹುದು. ಕೊಂಡ ದಿನದಿಂದ ಪ್ರತಿ ಮೂರು ತಿಂಗಳಿಗೆ ಶೇ 5ರಂತೆ ಆ ವಾಪಸ್ ಲೆಕ್ಕದ ಕ್ರೆಡಿಟ್ ಇಳಿಯುತ್ತದೆ. 5 ವರ್ಷ ದಾಟಿದ್ದಕ್ಕೆ ಮಾರಿದ ಬೆಲೆಯ ತೆರಿಗೆ ಮಾತ್ರ. ಹಳೇ ಬಿಲ್ ಹುಡುಕಿ ಆಡಿಟರ್‌ಗೆ ತೋರಿಸಿ.