ಹಳೇ 8 ಅಡಿ ಡಿಶ್ ಮತ್ತೆ ಎಬ್ಬಿಸಬಹುದಾ? ಡಿಶ್ ಮೆಕ್ಯಾನಿಕ್‌ಗೆ ಕೇಳಿ

ಶಿರಸಿ: ಅಣ್ಣಾ, ಅಪ್ಪ 1996ರಲ್ಲಿ ಹಾಕಿಸಿದ 8 ಅಡಿ ಫೈಬರ್ ಡಿಶ್ ಕೊಟ್ಟಿಗೆ ಹಿಂದೆ ಬಿದ್ದಿದೆ. ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ), ರಿಸೀವರ್ ಕೂಡ ಇದೆ. ತಾರಸಿಯ ಪ್ಯಾರಪೆಟ್ ಗೋಡೆಗೆ ಕ್ಲಾಂಪ್ ಹೊಡೆದು ನಿಲ್ಲಿಸಿ 83 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-30 ಉಪಗ್ರಹ ಹಿಡಿಯೋಣ ಅಂತಿದ್ದೇನೆ. ಆಗುತ್ತಾ?

ಮೆಕ್ಯಾನಿಕ್: ಡಿಶ್ ಇಟ್ಟುಕೊಳ್ಳಿ, ರಿಸೀವರ್ ಗುಜರಿಗೆ ಹಾಕಿ. ಅದು ಅನಲಾಗ್. ಈಗ ಡಿವಿಬಿ-ಎಸ್2, ಎಂಪೆಗ್-4 ಅಂತ ಬರೆದಿರುವ ಡಿಜಿಟಲ್ ಬಾಕ್ಸ್ ಬೇಕು. ಸಿ-ಬ್ಯಾಂಡ್ (ದೊಡ್ಡ ಡಿಶ್‌ನ ತರಂಗ) ಎಲ್‌ಎನ್‌ಬಿಯೂ ಹೊಸದೇ ಹಾಕಿ, ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಎಲ್‌ಎನ್‌ಬಿ ಫ್ರೀಕ್ವೆನ್ಸಿ 5150 ಕೊಡಿ. ಡಿಶ್ ಸೊಟ್ಟಗಾಗಿದೆಯಾ ನೋಡಲು ಅಂಚಿನಿಂದ ಅಂಚಿಗೆ ಎರಡು ದಾರ ಅಡ್ಡಡ್ಡ ಬಿಗಿಯಾಗಿ ಕಟ್ಟಿ, ನಡುವೆ ಎರಡೂ ತಾಗಿದರೆ ಸರಿ. ಫೀಡ್ (ಎಲ್‌ಎನ್‌ಬಿಯ ಬಾಯಿ) ಡಿಶ್ ತಳದಿಂದ ಎಷ್ಟು ಎತ್ತರ ಇರಬೇಕು ಅಂತ ತಿಳಿಯಲು ಡಿಶ್ ಅಗಲವನ್ನು ಅಗಲದಿಂದಲೇ ಗುಣಿಸಿ, ಬಂದದ್ದನ್ನು ಆಳದ 16 ಪಟ್ಟಿನಿಂದ ಭಾಗಿಸಿ. ಅಗಲ 244, ಆಳ 40 ಸೆಂ.ಮೀ. ಇದ್ದರೆ 93 ಸೆಂ.ಮೀ.

ಇದೆಲ್ಲ ಇರಲಿ, ನನಗೆ ಭಯ ಆ ಪ್ಯಾರಪೆಟ್ ಗೋಡೆದು. ನಮ್ಮ ಕಡೆ 83 ಡಿಗ್ರಿ ಹೆಚ್ಚುಕಡಿಮೆ ನೆತ್ತಿ ಮೇಲೇ ಇದೆ, ಹಾಗಾಗಿ ಡಿಶ್ ಬಟ್ಟಲಿನ ಹಾಗೆ ಮಲಗಿರುತ್ತದೆ. ನಿಮ್ಮೂರ ಮಳೆಗೆ ನೀರು ತುಂಬಿ ನಿಲ್ಲುತ್ತದೆ, ತೀರಾ ತಗ್ಗಿನಲ್ಲಿ ಒಂದು ತೂತು ಕೊರೆಯಿರಿ. ಅಡಿಯಿಂದ ಗಾಳಿ ನುಗ್ಗಿತೋ, ಗೋಡೆ ಸಮೇತ ಎತ್ತಿಕೊಂಡು ಹೋಗುತ್ತದೆ. ನೆಲದಲ್ಲಿ ಗುಂಡಿ ತೆಗೆದು ದಪ್ಪ ಕಬ್ಬಿಣದ ಪೈಪ್ ಹೂತು ಕಾಂಕ್ರೀಟ್ ಹಾಕಿ. ಹತ್ತಿರ ಕರೆಂಟ್ ಲೈನ್ ಇದೆಯಾ? ಫೋಟೋ ಹಾಕುವ ತನಕ ಮೇಲೆ ಏರಿಸಬೇಡಿ.

ಹಾಸನ: ಸರ್, ಹಳೇ ರಿಸೀವರ್ ನಡೆಯುತ್ತಾ?

ಮೆಕ್ಯಾನಿಕ್: ಮೇಲೆ ಓದಿ.

ಬಳ್ಳಾರಿ: ಡಿಶ್ ತಿರುಗಿಸುವ ಮೋಟಾರ್ ಆಕ್ಚುಯೇಟರ್‌ಗೆ 36 ವೋಲ್ಟ್ ಬರುತ್ತಿದೆ, ಗುಂಯ್ ಅನ್ನುತ್ತದೆ, ಅಲುಗಲ್ಲ. ಏನು ಮಾಡಲಿ?

ಪುತ್ತೂರು: ಎದುರಿಗೆ 5ಜಿ ಟವರ್ ಬಂದ ಮೇಲೆ ಚಾನೆಲ್ ಚೂರುಚೂರು. ಎಲ್‌ಎನ್‌ಬಿಗೆ ಫಾಯಿಲ್ ಸುತ್ತಿ, ಡಿಶ್‌ಗೆ ಬೆಳ್ಳಿ ಬಣ್ಣ ಹೊಡೆಯಿರಿ ಅಂತ ವಾಟ್ಸಾಪಲ್ಲಿ ಬಂತು. ಮಾಡಲಾ?

ಮೆಕ್ಯಾನಿಕ್: ಬೇಡ ಮಾರಾಯ್ರೇ! ಫಾಯಿಲ್ ಬಾಯಿಗೆ ಸುತ್ತಿದರೆ ಇರುವ ಸಿಗ್ನಲ್ಲೂ ಹೋಗುತ್ತದೆ. ಹೊಳೆಯುವ ಬಣ್ಣ ಹೊಡೆದರೆ ಮಾರ್ಚ್‌ನಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ–ಅಕ್ಟೋಬರ್ ಶುರುವಿನಲ್ಲಿ ಸೂರ್ಯ ಉಪಗ್ರಹದ ಹಿಂದೆ ಬಂದಾಗ ಬಿಸಿಲೆಲ್ಲ ಫೀಡ್ ಮೇಲೇ ಬಿದ್ದು ಪ್ಲಾಸ್ಟಿಕ್ ಮುಚ್ಚಳ ಕರಗುತ್ತದೆ. ಆ ಫಾರ್ವರ್ಡ್ ಬರೆದವನು ಡಿಶ್ ಹತ್ತಿರ ನಿಂತಿದ್ದಾನೋ ಇಲ್ಲವೋ! 5ಜಿ ಇರುವುದು 3300ರಿಂದ 3670 ಮೆಗಾಹರ್ಟ್ಸ್, ನಿಮ್ಮ ಎಲ್‌ಎನ್‌ಬಿ 3400ರಿಂದಲೇ ಬಾಯಿ ತೆರೆದಿರಬೇಕು. 3700–4200 ಮಾತ್ರ ಬಿಡುವ, ಫಿಲ್ಟರ್ ಇರುವ ಎಲ್‌ಎನ್‌ಬಿ ಹಾಕಿ.

ತುಮಕೂರು: ಇಷ್ಟೆಲ್ಲ ಯಾಕೆ? ಡಿಡಿ ಫ್ರೀ ಡಿಶ್ ಹಾಕಿ, ಸಣ್ಣ ತಟ್ಟೆಯಲ್ಲೇ ಚಂದನ ಬರುತ್ತದೆ.

ಮೈಸೂರು: ಅದು ಸಣ್ಣ ತಟ್ಟೆಯ ಕೆಯು ಬ್ಯಾಂಡ್ ಗುರು, ಇದು ಸಿ-ಬ್ಯಾಂಡ್. ಇದು ಹವ್ಯಾಸ, ನಿಮಗೆ ಅರ್ಥ ಆಗಲ್ಲ.

ತುಮಕೂರು: ಅರ್ಧ ಚಾನೆಲ್‌ಗೆ ಬೀಗ, ಇನ್ನರ್ಧ ಭಾಷೆ ಬರಲ್ಲ. ಒಳ್ಳೇ ಹವ್ಯಾಸ!

ಮೈಸೂರು: ನಿಮ್ಮನ್ನು ಕೇಳಿದವರು ಯಾರು?

ಹಾಸನ: ಸರ್, ರಿಸೀವರ್ ಫೋಟೋ ಹಾಕಿದ್ದೇನೆ, ಸ್ವಲ್ಪ ನೋಡಿ.

ಮೆಕ್ಯಾನಿಕ್: ಅನಲಾಗ್. ಗುಜರಿ. ಮೂರನೇ ಸಲ ಕೇಳಬೇಡಿ. ತುಮಕೂರು, ಮೈಸೂರು, ಜಗಳ ಬೇರೆ ಕಡೆ ಆಡಿ. ಶಿರಸಿಯವರೇ, ಲೈನ್ ವಿಷಯ ಹೇಳಲೇ ಇಲ್ಲ?

ಶಿರಸಿ: ಇದೆ ಅಣ್ಣಾ, ತಾರಸಿಯಿಂದ ದೋಟಿಗೆ ಎಟುಕುವಷ್ಟು ಹತ್ತಿರ. ಡಿಶ್ ಆಗಲೇ ಮೇಲಿದೆ, ಹುಡುಗರು ಎತ್ತುತ್ತಿದ್ದಾರೆ.

ಮೆಕ್ಯಾನಿಕ್: ನಿಲ್ಲಿಸಿ. ಮೊದಲು ಹುಡುಗರನ್ನು ಕೆಳಗೆ ಕರೆಯಿರಿ.