ಪೀಣ್ಯದಲ್ಲಿ ಮೊದಲ ಕೆಲಸ: ಹೊಸಬರಿಂದ ಏನು ನಿರೀಕ್ಷಿಸುತ್ತಾರೆ? ಅನುಭವ ಇದ್ದವರು ತಿಳಿಸಿ

ಹಾವೇರಿ ಡಿಪ್ಲೊಮಾ:
ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಪೀಣ್ಯದ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಘಟಕದಲ್ಲಿ ಟ್ರೈನಿ ಕೆಲಸ ಸಿಕ್ಕಿದೆ, ಸಂಬಳ 14,000. ಮುಂದಿನ ವಾರ ಸೇರಬೇಕು. ಯಂತ್ರದ ಪರಿಚಯ ತಕ್ಕಮಟ್ಟಿಗೆ ಇದೆ. ನನ್ನ ಅಳುಕು ಬೇರೆ: ಮಾತು ಕಡಿಮೆ, ಇಂಗ್ಲಿಷ್ ಅಷ್ಟಕ್ಕಷ್ಟೇ. ಮೊದಲ ಆರು ತಿಂಗಳು ಹೊಸಬರ ನಡವಳಿಕೆಯಲ್ಲಿ ಏನನ್ನು ಗಮನಿಸುತ್ತಾರೆ? ಎರಡು ವರ್ಷದ ಬಾಂಡ್‌ಗೂ (ಅದಕ್ಕೆ ಮೊದಲು ಬಿಟ್ಟರೆ ಹಣ ಕಟ್ಟುವ ಕರಾರು) ಸಹಿ ಕೇಳಿದ್ದಾರೆ. ಅಣ್ಣಂದಿರು, ಅಕ್ಕಂದಿರು ದಯವಿಟ್ಟು ದಾರಿ ತೋರಿಸಿ.

ಟರ್ನಿಂಗ್ ಸೆಟ್ಟರ್:
ತಮ್ಮಾ, ನಾನು ಹೆಲ್ಪರ್ ಆಗಿ ಕಸ ಗುಡಿಸುತ್ತಾ ಒಳಗೆ ಬಂದವನು, ಈಗ ಆರು ಯಂತ್ರಗಳನ್ನು ಕೆಲಸಕ್ಕೆ ಸಜ್ಜುಮಾಡುವ ಸೆಟ್ಟರ್. ಇಂಗ್ಲಿಷ್ ವಿಚಾರ ಬಿಡು. ಕೆಟ್ಟ ಸುದ್ದಿಯನ್ನು ಬೇಗ ಹೇಳುವ ಹುಡುಗ ಬೇಕು, ಅಷ್ಟೇ. ಕಳೆದ ವರ್ಷದ್ದೇ ಹೇಳುತ್ತೇನೆ. 25 ಎಚ್7 ರಂಧ್ರದ ಜಾಬ್, ಅಂದರೆ 25 ಮಿ.ಮೀ. ರಂಧ್ರ, ಎಚ್7 ಎಂಬ ನಿಖರತೆಯ ದರ್ಜೆ. ಅಳತೆ ವ್ಯತ್ಯಾಸಕ್ಕೆ ಒಟ್ಟು ಅವಕಾಶ 21 ಮೈಕ್ರಾನ್, ಅಂದರೆ 0.021 ಮಿ.ಮೀ. ಇನ್ಸರ್ಟ್ (ಲೋಹ ಕೊರೆಯುವ ಅಲಗು) ಸವೆಯುತ್ತಾ ಬಂದಂತೆ ರಂಧ್ರ ಕಿರಿದಾಗುತ್ತಿತ್ತು, ಅದನ್ನು ಟ್ರೈನಿ ಸರಿಯಾಗಿಯೇ ಗುರುತಿಸಿದ. ಆದರೆ ನನ್ನನ್ನು ಕರೆಯಲಿಲ್ಲ. ತಾನೇ ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಅಳತೆಯ ತಿದ್ದುಪಡಿ) ಹಾಕಿದ, 0.02 ಮಿ.ಮೀ. ಹಾಕುವಲ್ಲಿ 0.2 ಹಾಕಿದ. ಕಿರಿದಾದ ರಂಧ್ರವನ್ನು ಮತ್ತೆ ಕೊರೆಯಬಹುದು, ಹಿಗ್ಗಿದ್ದನ್ನು ಏನು ಮಾಡುವುದು? ಅಳೆಯದೆ 22 ಪೀಸ್ ಓಡಿಸಿದ. ಗೊತ್ತಾದ ಮೇಲೆ ಅವುಗಳನ್ನು ಬರ್ (ಲೋಹದ ಚೂರು) ತುಂಬುವ ಡಬ್ಬಿಯ ಕೆಳಗೆ ಬಚ್ಚಿಟ್ಟ.

ಲೆಕ್ಕ ಕೇಳು. ಎರಕದ ಕಚ್ಚಾ ಪೀಸ್ 380 ರೂಪಾಯಿ, ಅದರ ಮೇಲೆ ಆಗಲೇ ಮುಗಿದಿದ್ದ ಮಿಲ್ಲಿಂಗ್ 140. ಒಟ್ಟು 520, ಅದನ್ನು 22ರಿಂದ ಗುಣಿಸಿದರೆ 11,440. ಸರಕು ಕಡಿಮೆ ಬಿತ್ತೆಂದು ಗ್ರಾಹಕರು ಕೂಗಾಡಿದ್ದಕ್ಕೆ ಮರುದಿನ ಹೊಸೂರಿಗೆ ಪ್ರತ್ಯೇಕ ಗಾಡಿ, 3,200. ಒಟ್ಟು 14,640. ನಿನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಮೊದಲ ಪೀಸ್ ಹಿಡಿದು ನನ್ನ ಬಳಿ ಬಂದಿದ್ದರೆ ನಷ್ಟ 520. ಅವನ ಅಂಕಪಟ್ಟಿಯಲ್ಲಿ 86 ಪ್ರತಿಶತ ಇತ್ತು. ಅದರಿಂದ ನನಗೆ ಏನು ಪ್ರಯೋಜನವಾಯಿತು?

ದಾವಣಗೆರೆ ಲೆಕ್ಕಪತ್ರ:
ನನ್ನದು ಯಂತ್ರದ ಕೆಲಸವಲ್ಲ. ಬಿ.ಕಾಂ. ಮುಗಿಸಿ ಆಡಿಟರ್ ಕಚೇರಿಗೆ 8,000ಕ್ಕೆ ಸೇರಿದವಳು. ಆದರೂ ಸೆಟ್ಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಒಬ್ಬ ಗ್ರಾಹಕರಿಗೆ ಒಂದೇ ಹೆಸರಿನ ಇಬ್ಬರು ಖರೀದಿದಾರರಿದ್ದರು, ಒಂದು ಅಂಗಡಿ ಹರಿಹರದಲ್ಲಿ, ಇನ್ನೊಂದು ರಾಣೆಬೆನ್ನೂರಿನಲ್ಲಿ. ಟ್ಯಾಲಿಯಲ್ಲಿ ಯಾರೋ ಒಬ್ಬರ ಬಿಲ್ಲುಗಳನ್ನು ಇನ್ನೊಬ್ಬರ ಖಾತೆಗೆ ಏರಿಸಿದ್ದರು. ಜಿಎಸ್‌ಟಿ ಸಂಖ್ಯೆ ಎರಡೂ ಸರಿಯಾದವೇ, ಹಾಗಾಗಿ ಪೋರ್ಟಲ್ ತಕರಾರು ಎತ್ತುವುದಿಲ್ಲ. ಜಿಎಸ್‌ಟಿಆರ್-1ಕ್ಕೆ (ಆ ತಿಂಗಳ ಮಾರಾಟದ ವಿವರ ಸಲ್ಲಿಸುವ ನಮೂನೆ) 11ನೇ ತಾರೀಖು ಕೊನೆ. ನನ್ನ ಕಣ್ಣಿಗೆ ಬಿದ್ದದ್ದು 10ರ ರಾತ್ರಿ. ಹಾಗೆಯೇ ಸಲ್ಲಿಸಿದ್ದರೆ 14ರಂದು ಬರುವ 2ಬಿಯಲ್ಲಿ (ಖರೀದಿದಾರರ ತೆರಿಗೆ ಜಮೆಯ ಪಟ್ಟಿ) ಹರಿಹರದವರಿಗೆ 61,000 ರೂಪಾಯಿಯ ಹೂಡುವಳಿ ತೆರಿಗೆ ಜಮೆ ಕಾಣುತ್ತಲೇ ಇರಲಿಲ್ಲ. ಆ ಹೊತ್ತಿನಲ್ಲಿ ಸೀನಿಯರ್‌ಗೆ ಫೋನ್ ಮಾಡಿದೆ. ಬೈದರು. ಆದರೆ ಬೆಳಿಗ್ಗೆ ಮೊದಲು ಆ ಕಡತವನ್ನೇ ತೆರೆದರು. ಆ ತಿಂಗಳಿನಿಂದ ಗ್ರಾಹಕರ ಜೊತೆ ನೇರವಾಗಿ ಮಾತನಾಡುವ ಕೆಲಸ ನನ್ನ ಕೈಗೆ ಬಂತು.

ಇನ್ನೊಂದು ಮಾತು. ಗ್ರಾಹಕರು ಕೇಳಿದ್ದು ಗೊತ್ತಿಲ್ಲದಿದ್ದರೆ ಊಹೆಯ ಮೇಲೆ ಉತ್ತರಿಸಬಾರದು. 'ಕೇಳಿ ಸಂಜೆಯೊಳಗೆ ತಿಳಿಸುತ್ತೇನೆ' ಎನ್ನಬೇಕು, ಸಂಜೆಯೊಳಗೆ ತಿಳಿಸಲೂ ಬೇಕು. ನನ್ನ ಜೊತೆ ಸೇರಿದವರಲ್ಲಿ ಹಲವರು ಎಡವಿದ್ದು ಈ ಎರಡನೆಯ ಭಾಗದಲ್ಲಿ.

ರಾತ್ರಿ ಪಾಳಿ:
ಸೆಟ್ಟರ್ ಅವರೇ, ಬೇಗ ಹೇಳು ಎಂದು ಉಪದೇಶ ಮಾಡುತ್ತೀರಿ. ಹೇಳಿದವನ ಗತಿ ಏನಾಗುತ್ತದೆ ಎಂಬುದನ್ನೂ ಹೇಳಿ. ನಾನು ರಾತ್ರಿ ಹತ್ತಕ್ಕೆ ಯಂತ್ರ ವಹಿಸಿಕೊಂಡು ರಿಜಿಸ್ಟರ್‌ಗೆ ಸಹಿ ಹಾಕಿದೆ. ನಂತರ ಟ್ರೇಯಲ್ಲಿದ್ದ ಪೀಸ್‌ಗಳನ್ನು ಅಳೆದರೆ ಹಿಂದಿನ ಪಾಳಿಯವು ಅಳತೆ ಮೀರಿದ್ದವು. ಓಡಿಹೋಗಿ ಸೂಪರ್‌ವೈಸರ್‌ಗೆ ಹೇಳಿದೆ. ಬೆಳಿಗ್ಗೆ ರಿಜೆಕ್ಷನ್ ಪಟ್ಟಿಯಲ್ಲಿ ಇದ್ದದ್ದು ನನ್ನ ಹೆಸರು! ಸಹಿ ನಿನ್ನದಲ್ಲವೇ ಎಂದರು. ತಿಂಗಳಿಗೆ 2,500ರಂತೆ ಮೂರು ಕಂತು, 7,500 ಕಡಿತ. ಆಗ ನನ್ನ ಕೋಣೆಯ ಬಾಡಿಗೆಯ ಪಾಲೇ 2,800. ಅಪ್ಪನಿಗೆ ಹಣ ಕಳಿಸಲು ಆಗದೆ, ಸಂಬಳ ತಡವಾಗಿದೆ ಎಂದು ಹೇಳಬೇಕಾಯಿತು. ಅಳತೆ ಕೆಡಿಸಿದವನು ಸುಮ್ಮನಿದ್ದ, ಅವನಿಗೆ ಆ ವರ್ಷ ಸಂಬಳ ಏರಿತು.

ನಷ್ಟಕ್ಕೆಂದು ಸಂಬಳದಲ್ಲಿ ಹಿಡಿಯುವ ಮೊದಲು ನೌಕರನಿಗೆ ಸಮಜಾಯಿಷಿ ಕೊಡಲು ಅವಕಾಶ ಕೊಡಲೇಬೇಕು, ವೇತನ ಕಾನೂನು ಹಾಗೆನ್ನುತ್ತದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಈಗ ನಾನು ಮೊದಲು ಅಳೆಯುತ್ತೇನೆ, ಅಳತೆಯನ್ನೂ ಸಮಯವನ್ನೂ ರಿಜಿಸ್ಟರ್‌ನಲ್ಲಿ ಬರೆಯುತ್ತೇನೆ, ಆಮೇಲೆ ಸಹಿ.

ಟರ್ನಿಂಗ್ ಸೆಟ್ಟರ್:
ಅಳೆಯದೆ ಸಹಿ ಹಾಕು ಎಂದು ನಾನು ಎಲ್ಲಿ ಹೇಳಿದೆ? ನಿಮ್ಮ ಸೂಪರ್‌ವೈಸರ್ ಮಾಡಿದ ಅನ್ಯಾಯಕ್ಕೆ ನನ್ನ ಮೇಲೆ ಹರಿಹಾಯಬೇಡಿ. ಆ 22 ಪೀಸ್‌ಗಳಿಗಾಗಿ ನಾನು ಆ ಹುಡುಗನ ಒಂದು ರೂಪಾಯಿಯನ್ನೂ ಹಿಡಿಸಲಿಲ್ಲ. ಮಾಲೀಕರ ಎದುರು ನಿಂತು ಬೈಗುಳ ತಿಂದವನು ನಾನು.

ರಾತ್ರಿ ಪಾಳಿ:
ಹಾಗಿದ್ದರೆ ಅವನು ಯಾಕೆ ಬಚ್ಚಿಟ್ಟ? ನಿಮ್ಮ ಬಳಿ ಬರಲು ಅವನಿಗೆ ಧೈರ್ಯ ಇರಲಿಲ್ಲ ಎಂದಲ್ಲವೇ? ಆ ಹೆದರಿಕೆ ಎಲ್ಲಿಂದ ಬಂತು ಎಂದು ಯೋಚಿಸಿದ್ದೀರಾ?

ಸಣ್ಣ ಘಟಕದ ಮಾಲೀಕ:
ಎಲ್ಲರೂ ಕಾರ್ಮಿಕರ ಕಡೆಯಿಂದಲೇ ಬರೆಯುತ್ತಿದ್ದೀರಿ. ನನ್ನ ಕಡೆಯಿಂದಲೂ ನೋಡಿ. ಹೊಸ ಹುಡುಗ ಸ್ವತಂತ್ರವಾಗಿ ಯಂತ್ರ ನಡೆಸಲು ಏಳೆಂಟು ತಿಂಗಳು ಬೇಕು. ಅಲ್ಲಿಯವರೆಗೆ ಸಂಬಳ ನನ್ನದು, ಮುರಿದ ಇನ್ಸರ್ಟ್ ನನ್ನದು, ಕಲಿಸಲು ನಿಂತ ಸೆಟ್ಟರ್‌ನ ಸಮಯವೂ ನನ್ನದು. ಹೋದ ವರ್ಷ ಒಬ್ಬ ಹತಾರಗಳಿರುವ ಟರ್ರೆಟ್ ಅನ್ನು ಪೀಸ್ ಹಿಡಿಯುವ ಚಕ್‌ಗೆ ಗುದ್ದಿಸಿದ. ಸರ್ವಿಸ್ ಎಂಜಿನಿಯರ್ ಭೇಟಿ, ಟರ್ರೆಟ್‌ನ ನೇರ ಸರಿಪಡಿಸಿದ್ದು, ಹೋಲ್ಡರ್ ಎಲ್ಲ ಸೇರಿ 68,000. ಎರಡು ದಿನ ಯಂತ್ರ ನಿಂತಿತ್ತು, ಅದು ಬೇರೆ. ನಾನು ಹಣ ಹಿಡಿಯಲಿಲ್ಲ. ಅದೇ ಹುಡುಗ ಕೈ ಕುದುರಿದ ಕೂಡಲೇ 3,000 ಹೆಚ್ಚಿಗೆ ಸಿಕ್ಕಿತೆಂದು ಪಕ್ಕದ ರಸ್ತೆಯ ಘಟಕಕ್ಕೆ ಹೋದ. ಹೇಳಲೂ ಇಲ್ಲ, ಫೋನ್ ಸ್ವಿಚ್ ಆಫ್. ಹೋಗಲಿ, ತಿಂಗಳ ಮುಂಚೆ ಮುಖಕ್ಕೆ ಹೇಳಿ ಹೋಗುವಷ್ಟು ಸೌಜನ್ಯ ಬೇಡವೇ? ಅದಕ್ಕೇ ಬಾಂಡ್. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಂಡ್ ಅನ್ನು ಎತ್ತಿಹಿಡಿದಿದೆ. ಬಾಂಡ್ ಕಾನೂನುಬಾಹಿರ ಎಂದು ಯಾರೂ ಹೇಳುವಂತಿಲ್ಲ.

ಅಂಕಪಟ್ಟಿ ಕಳೆದುಕೊಂಡವಳು:
ಮಾಲೀಕರೇ, ತೀರ್ಪನ್ನು ಪೂರ್ತಿ ಓದಿ. ಅಲ್ಲಿದ್ದದ್ದು ಸಾರ್ವಜನಿಕ ವಲಯದ ಬ್ಯಾಂಕ್. ಕೆಲಸ ಬಿಟ್ಟವರು ಹಿರಿಯ ಮ್ಯಾನೇಜರ್ ದರ್ಜೆಯ ಅಧಿಕಾರಿ. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತು ಅದು. ಅಂಥ ಬ್ಯಾಂಕು ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಸುಮ್ಮನೆ ಕರೆದು ಕೂರಿಸುವಂತಿಲ್ಲ, ಬಹಿರಂಗವಾಗಿ ಅರ್ಜಿ ಕರೆದೇ ನೇಮಿಸಬೇಕು, ಅದಕ್ಕೆ ಖರ್ಚಿದೆ ಎಂದು ನ್ಯಾಯಾಲಯ ಪರಿಗಣಿಸಿತು. 14,000 ಸಂಬಳದ ಟ್ರೈನಿಗೂ ಅದಕ್ಕೂ ಹೋಲಿಕೆ ಎಲ್ಲಿಯದು?

ನಾನು ರಾಯಚೂರಿನವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಸರ್ಕ್ಯೂಟ್ ಬೋರ್ಡ್ ಜೋಡಿಸುವ ಒಂದು ಘಟಕಕ್ಕೆ ಸೇರಿದ ದಿನವೇ ಪರಿಶೀಲನೆಗೆಂದು ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡರು. ಸಮಯಕ್ಕೆ ಬಂದೆ, ಸ್ಥಿರವಿದ್ಯುತ್ ತಡೆಯುವ ಮಣಿಕಟ್ಟಿನ ಪಟ್ಟಿ ಕಟ್ಟದೆ ಒಂದು ಬೋರ್ಡ್ ಮುಟ್ಟಲಿಲ್ಲ, ನನ್ನ ಮೇಜಿನಿಂದ ಹೋದ ಬೆಸುಗೆ ಹಿಂದಿರುಗಿ ಬಂದದ್ದು ಅಪರೂಪ. ಅಮ್ಮನ ಶಸ್ತ್ರಚಿಕಿತ್ಸೆಗೆ ರಜೆ ಕೊಡಲಿಲ್ಲ, ಬಿಟ್ಟೆ. ಅಂಕಪಟ್ಟಿ ಕೇಳಿದರೆ 50,000 ಕಟ್ಟು ಎಂದರು. ಪೊಲೀಸ್ ದೂರು, ವಕೀಲರ ನೋಟಿಸ್‌ಗೆ 3,500, ಅಫಿಡವಿಟ್‌ಗೆ 400, ಬಸ್ ಖರ್ಚು ಸುಮಾರು 6,000. ಕೊನೆಗೆ ಅವರು ಕಳೆದುಹೋಗಿದೆ ಎಂದುಬಿಟ್ಟರು. ಬದಲಿ ಅಂಕಪಟ್ಟಿ ಕೈಗೆ ಬರುವಷ್ಟರಲ್ಲಿ ನಾನು ಆಯ್ಕೆಯಾಗಿದ್ದ ಇನ್ನೊಂದು ಕೆಲಸ ಬೇರೆಯವರ ಪಾಲಾಗಿತ್ತು. ನಡವಳಿಕೆ, ಸೌಜನ್ಯ ಎಂದು ಹೊಸಬರಿಗೆ ಹೇಳುವವರು ಇದಕ್ಕೆ ಏನೆನ್ನುತ್ತೀರಿ?

ಸಣ್ಣ ಘಟಕದ ಮಾಲೀಕ:
ನಾನು ಯಾರ ಅಂಕಪಟ್ಟಿಯನ್ನೂ ಇಟ್ಟುಕೊಂಡವನಲ್ಲ. ನಕಲು ಪ್ರತಿ ಪಡೆದು ಮೂಲವನ್ನು ಅಲ್ಲಿಯೇ ಹಿಂದಿರುಗಿಸುತ್ತೇನೆ. ಮಾಡದ ತಪ್ಪಿಗೆ ನನ್ನನ್ನು ಕಟಕಟೆಗೆ ಏರಿಸಬೇಡಿ.

ಹಾವೇರಿ ಡಿಪ್ಲೊಮಾ:
ಎಲ್ಲರಿಗೂ ಧನ್ಯವಾದ. ಬಾಂಡ್‌ನಲ್ಲಿ ಮೊತ್ತ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದಾರೆ, ಸಹಿ ಹಾಕಬಹುದೇ? ಅಳತೆಗೆ ಬೇಕಾದ ವರ್ನಿಯರ್ ಉಪಕರಣವನ್ನು ನಾನೇ ಕೊಂಡುಕೊಂಡು ಹೋಗಬೇಕೇ?

ಅಂಕಪಟ್ಟಿ ಕಳೆದುಕೊಂಡವಳು:
ಖಾಲಿ ಜಾಗ ಇರುವ ಕಾಗದಕ್ಕೆ ಸಹಿ ಹಾಕಲೇಬೇಡ ತಮ್ಮಾ. ಮೊತ್ತ ತುಂಬಿಸಿ, ಪ್ರತಿ ಕೇಳಿ ತೆಗೆದುಕೋ. ಪ್ರತಿ ಕೊಡದಿದ್ದರೆ ಸೇರಬೇಡ.

ಟರ್ನಿಂಗ್ ಸೆಟ್ಟರ್:
ವರ್ನಿಯರ್ ಕೊಂಡುಕೋ. ಸ್ವಂತ ಉಪಕರಣ ಜೇಬಿನಲ್ಲಿ ಇರುವ ಹುಡುಗನನ್ನು ಕಂಡರೆ ಯಾವ ಸೆಟ್ಟರ್‌ಗೂ ಗೌರವ ಬರುತ್ತದೆ.

ರಾತ್ರಿ ಪಾಳಿ:
ಮತ್ತೆ ತಪ್ಪು ಸಲಹೆ. ಕ್ಯಾಲಿಬ್ರೇಷನ್ ಚೀಟಿ (ಉಪಕರಣ ಸರಿಯಾಗಿ ಅಳೆಯುತ್ತದೆ ಎಂದು ಪರೀಕ್ಷಿಸಿ ಅಂಟಿಸುವ ಚೀಟಿ) ಇಲ್ಲದ ಸ್ವಂತ ವರ್ನಿಯರ್‌ನಲ್ಲಿ ಅಳೆದ ಪೀಸ್ ಗ್ರಾಹಕರಿಂದ ತಿರಸ್ಕೃತವಾದರೆ ಹೊಣೆ ಯಾರ ತಲೆಗೆ? ಟ್ರೈನಿಯ ತಲೆಗೆ. ಕಂಪನಿಯ ಉಪಕರಣವನ್ನೇ ಕೇಳಿ ಪಡೆಯಲಿ. ಅಲ್ಲದೆ ನಿಮ್ಮ 25 ಎಚ್7 ರಂಧ್ರವನ್ನು 0.02 ಮಿ.ಮೀ. ಗೆರೆಯ ವರ್ನಿಯರ್‌ನಲ್ಲಿ ಅಳೆಯುವುದು ಹೇಗೆ? ಉಪಕರಣದ ಒಂದು ಗೆರೆಯಲ್ಲೇ ನಿಮ್ಮ 21 ಮೈಕ್ರಾನ್ ಹೆಚ್ಚುಕಡಿಮೆ ಮುಗಿದುಹೋಯಿತು.

ಟರ್ನಿಂಗ್ ಸೆಟ್ಟರ್:
ಎಚ್7 ರಂಧ್ರಕ್ಕೆ ಬೋರ್ ಗೇಜ್ (ರಂಧ್ರವನ್ನು ಸೂಕ್ಷ್ಮವಾಗಿ ಅಳೆಯುವ ಉಪಕರಣ) ಬೇಕು ಎಂಬುದು ನನಗೆ ನೀವು ಕಲಿಸಬೇಕಾಗಿಲ್ಲ. ವರ್ನಿಯರ್ ಹೇಳಿದ್ದು ಉದ್ದಕ್ಕೆ, ಚೇಂಫರ್‌ಗೆ (ಅಂಚಿನ ಓರೆಗೆ), ಕಚ್ಚಾ ಅಳತೆಗೆ. ಇನ್ನು ಚೀಟಿಯ ಮಾತು: ಚೀಟಿಯ ಅವಧಿ ಮುಗಿದಿರುವ, ದವಡೆ ಸವೆದ ವರ್ನಿಯರ್‌ಗಳನ್ನು ಎಷ್ಟೋ ಘಟಕಗಳಲ್ಲಿ ನನ್ನ ಕೈಯಾರೆ ಬದಿಗೆ ಇಟ್ಟಿದ್ದೇನೆ. ತಮ್ಮಾ, ಕಂಪನಿಯದ್ದನ್ನು ಕೊಟ್ಟರೆ ಮೊದಲು ದವಡೆ ಮುಚ್ಚಿ ಬೆಳಕಿಗೆ ಹಿಡಿದು ನೋಡು. ಸಂದಿಯಲ್ಲಿ ಬೆಳಕು ಕಂಡರೆ ಹಿಂದಕ್ಕೆ ಕೊಟ್ಟು ಬೇರೆಯದನ್ನು ಕೇಳು.

ರಾತ್ರಿ ಪಾಳಿ:
ಹಿಂದಕ್ಕೆ ಕೊಟ್ಟದ್ದನ್ನೂ ರಿಜಿಸ್ಟರ್‌ನಲ್ಲಿ ಬರೆ.